ಹನ್ನೆರಡು ಗಂಟೆಯ ಜೋಳಿಗೆ

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ಗಾದೆ ಕಟ್ಟಿದವರು ಗಾಣಗಾಪುರದ ಕಡೆ ಬಂದವರಲ್ಲ. ಇಲ್ಲಿ ಕಳ್ಳನ ಮನಸ್ಸು ಬೆಳ್ಳಬೆಳ್ಳಗೆ, ಹುಳ್ಳುಳ್ಳಗಾಗುವುದೆಲ್ಲ ಕಾವಲುಗಾರನದು. ಇದು ಖರೇ ಕಥೆ. ಕಣ್ಣಾರೆ ಕಂಡದ್ದಲ್ಲ, ಕಿವಿಯಾರೆ ಕೇಳಿದ್ದು. ಈ ಕಥೆಯ ಮಟ್ಟಿಗೆ ಕಣ್ಣಿಗಿಂತ ಕಿವಿಯೇ ಪ್ರಾಮಾಣಿಕ.

ಶುಕ್ರವಾರ ಬೆಳಿಗ್ಗೆ ಕಾವಲುಗಾರ ಮಾಳಿಂಗಪ್ಪ ತನ್ನ ಮನೆಯನ್ನೇ ಪೊಲೀಸರಂತೆ ಜಡತಿ ಮಾಡುತ್ತಿದ್ದ. ಹಾಸಿಗೆ ಕೊಡವಿದ್ದಾಯಿತು. ಹೆಂಡತಿಯ ಟ್ರಂಕು ಬೋರಲಾಯಿತು. ಜೋಳದ ಡಬ್ಬಿಯೊಳಗೆ ಮೊಳಕೈತನಕ ಕೈ ಹಾಕಿದ. ಒಲೆಯ ಮುಂದೆ ಕೂತ ಸುಂದರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಏನ್ ಹುಡಕಾಕತ್ತೀರಿ?"

"ಕಳುವಿನ ಮಾಲು."

"ಯಾರು ಕದ್ದಿದ್ದು?"

"ನಾನೇ ಇರಬೇಕು ಅಂತಾರ."

ಅಷ್ಟರಲ್ಲಿ ಡಬ್ಬಿಯ ತಳದಲ್ಲಿ ಅವನ ಬೆರಳಿಗೆ ಒಂದು ಗಂಟು ಸಿಕ್ಕಿತು. ಹೊರಗೆ ತೆಗೆದು ಬಿಚ್ಚಿದ. ಒಂದು ಜೊತೆ ಝುಮಕಿ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಹೆಂಡತಿಯ ಕಡೆ ನೋಡಿದ, ಅವಳು ತನ್ನ ಪಾಲುಗಾರಳೋ ಎನ್ನುವಂತೆ.

"ಬೆಂಟೆಕ್ಸ್ ಅವ್ರಿ," ಎಂದಳು ಸುಂದರಬಾಯಿ. "ಕರ್ರಗಾಗ್ಯಾವ ನೋಡ್ರಿ. ನಿಮ್ಮ ಕೈಗೆ ಸಿಕ್ಕರ ದಿನಕ್ಕ ಮೂರು ಸರ್ತಿ ಯಾರ್ ಕೊಡ್ಸಿದ್ದು ಅಂತ ಕೇಳ್ತೀರಿ, ಅದಕ್ಕ ಮುಚ್ಚಿಟ್ಟೇನಿ."

"ಯಾರ್ ಕೊಡ್ಸಿದ್ದು?"

"ನೀವss."

ಅವನು ಗಂಟು ಕಟ್ಟಿ ಮತ್ತೆ ಜೋಳದೊಳಗೆ ಹೂತ. ನೆನಪಿರಲಿಲ್ಲ. ನೆನಪಿಲ್ಲದಿರುವುದು ಅವನಿಗೆ ಹೊಸದಲ್ಲ. ಝುಮಕಿ ಕೊಡಿಸಿದ್ದು ನೆನಪಿಲ್ಲದವನಿಗೆ ಕದ್ದದ್ದು ನೆನಪಿರುತ್ತದೆಂದು ಏನು ಗ್ಯಾರಂಟಿ, ಎಂಬುದಷ್ಟೇ ಹೊಸದು.

ಐದು ವರ್ಷದ ಹಿಂದೆ ಚೌಡಾಪುರದ ತಿರುವಿನಲ್ಲಿ ಅವನ ಟಂಟಂ ಆಟೊ ಪಲ್ಟಿಯಾಗಿತ್ತು. ಒಳಗಿದ್ದ ಒಂಬತ್ತು ಮಂದಿ ಸೀರೆ ಪಂಜೆ ಕೊಡವಿಕೊಂಡು ಎದ್ದರು. ಚಾಲಕನ ತಲೆ ಮಾತ್ರ ಮೈಲಿಗಲ್ಲಿಗೆ ಬಡಿದಿತ್ತು. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದಾಗ ಎರಡು ವಸ್ತು ಹೋಗಿದ್ದವು. ಒಂದು, ಮುಖಗಳು. ಕಣ್ಣು, ಮೂಗು, ಮೀಸೆ ಬೇರೆಬೇರೆಯಾಗಿ ಕಾಣುತ್ತಿದ್ದವು. ಸೇರಿ ಒಬ್ಬ ಮನುಷ್ಯನಾಗುತ್ತಿರಲಿಲ್ಲ. ಹೆಂಡತಿಯನ್ನು ಕೂಡ ಬಾಯಿ ತೆಗೆದ ಮೇಲೆಯೇ ಗುರುತು ಹಿಡಿಯುತ್ತಿದ್ದ. ಇನ್ನೊಂದು, ದಿನಗಳು. ಬೆಳಿಗ್ಗೆ ನಡೆದದ್ದು ಸಂಜೆಗೆ ಅಳಿಸಿಹೋಗುತ್ತಿತ್ತು. ಹಾಗಾಗಿ ಕೊರಳಿಗೆ ದಾರದಿಂದ ಕಟ್ಟಿಕೊಂಡ ಒಂದು ಸಣ್ಣ ನೋಟ್‌ಬುಕ್ಕು, ದಾರದ ಇನ್ನೊಂದು ತುದಿಗೆ ಪೆನ್ನು.

ಉಳಿದದ್ದು ಧ್ವನಿಗಳು. ಟಂಟಂ ಹೊಡೆಯುವಾಗಲೇ ಅವನು ಪೂಜಾರಿಗಳ, ತಲಾಟಿಯ, ಬಸ್ಸಿನ ಕಂಡಕ್ಟರನ ಧ್ವನಿ ತೆಗೆದು ಪ್ಯಾಸೆಂಜರುಗಳನ್ನು ನಗಿಸುತ್ತಿದ್ದ. ತಲೆ ಒಡೆದ ಮೇಲೆ ಆ ವಿದ್ಯೆ ಒಂದು ಬಗೆಯ ರೋಗವಾಯಿತು. ಕಿವಿಗೆ ಬಿದ್ದ ಮಾತು ಆಡಿದವರ ಧ್ವನಿಯಲ್ಲೇ ಒಳಗೆ ಉಳಿದುಬಿಡುತ್ತಿತ್ತು. ಯಾವಾಗ ಆಡಿದ್ದು, ಎಲ್ಲಿ ಆಡಿದ್ದು, ಅದೊಂದೂ ಇಲ್ಲ. ಮಾತು ಉಂಟು, ತಾರೀಖಿಲ್ಲ.

ಈಗ ಅವನ ಕಿವಿಯಲ್ಲಿ ಒಂದೇ ಮಾತು ತಿರುಗುತ್ತಿತ್ತು: "ಹ್ಞಾ, ಮಾಳಿಂಗ್ಯಾ. ಹನ್ನೆರಡಕ್ಕ ಜೋಳಿಗಿ ಹಾಕ್ಕೊಂಡ ಒಬ್ಬವ ಬರ್ತಾನ. ಆ ಸೊಲ್ಲಾಪುರದವರ ಮನುಷ್ಯನೇ ಅವ. ಅವ್ರ ಹಸಿರು ಚೀಲ ತೆಗದು ಜೋಳಿಗಿಗೆ ಹಾಕು. ಹೆಸರು ಕೇಳಬ್ಯಾಡ, ಪಾಪ ಬರ್ತದ. ತಿಳೀತಿಲ್ಲೊ?"

ಧ್ವನಿ ಸಾವಕಾರ ಭಗವಂತರಾಯರದು. ಊರಿನಲ್ಲಿ ದೇವರ ನಂತರ ಅವರದೇ ಹೆಸರು. ಹೆಸರಿನಲ್ಲಿ ದೇವರೂ ಸೇರಿಕೊಂಡಿದ್ದರಿಂದ ಕೆಲವೊಮ್ಮೆ ದೇವರಿಗಿಂತ ಮೊದಲು. ಸಂಗಮದ ರಸ್ತೆಯ ಯಾತ್ರಿ ನಿವಾಸ ಅವರದು. ಆರು ತಿಂಗಳ ಹಿಂದೆ ತಾವಾಗಿಯೇ ಮಾಳಿಂಗಪ್ಪನ ಮನೆಗೆ ಬಂದು, "ತಲಿ ಕೆಟ್ಟರೇನಾತು, ನಿಯತ್ತು ಕೆಟ್ಟಿಲ್ಲಲ್ಲ," ಎಂದು ಆಫೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂರಿಸಿದ್ದರು. ತಿಜೋರಿಯ ಕೀಲಿಯನ್ನು ಅವನ ಉಡದಾರಕ್ಕೆ ಕಟ್ಟಿದ್ದರು. ಸಂಗಮಕ್ಕೆ ಸ್ನಾನಕ್ಕೆ ಹೋಗುವ ಯಾತ್ರಿಕರು ಬಂಗಾರ ಬಿಚ್ಚಿ ತಿಜೋರಿಯಲ್ಲಿ ಇಟ್ಟು ಹೋಗುವುದು ಅಲ್ಲಿಯ ಪದ್ಧತಿ. ಗುರುವಾರ ಸೊಲ್ಲಾಪುರದಿಂದ ಬಂದ ಒಬ್ಬ ಅಜ್ಜಿ ತನ್ನ ಬೋರಮಾಳ, ಪಾಟಲಿ ಎಲ್ಲವನ್ನೂ ಹಸಿರು ಮಖಮಲ್ಲಿನ ಚೀಲದಲ್ಲಿ ಹಾಕಿ ಒಪ್ಪಿಸಿದ್ದಳು. ಸ್ನಾನ, ದರ್ಶನ ಮುಗಿಸಿ ಬಂದಾಗ ತಿಜೋರಿ ಖುಲ್ಲಾ ಬಿದ್ದಿತ್ತು, ಚೀಲವಿರಲಿಲ್ಲ. ಕೀಲಿ ಅದರ ಬಾಯಲ್ಲೇ ಇತ್ತು. ಎದುರಿಗೆ ಮಾಳಿಂಗಪ್ಪ ಕೈ ಮುಗಿದು ಕೂತಿದ್ದ. ಕೇಳಿದರೆ, "ದತ್ತ ಬಂದಿದ್ದ," ಎಂದ.

ಗಾಣಗಾಪುರದಲ್ಲಿ ಇದು ಹುಚ್ಚು ಮಾತಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ದತ್ತಾತ್ರೇಯ ಯಾವುದಾದರೂ ರೂಪದಲ್ಲಿ ಜೋಳಿಗೆ ಹಾಕಿಕೊಂಡು ಮಧುಕರಿ, ಅಂದರೆ ಮನೆಮನೆಯ ಭಿಕ್ಷೆ, ಬೇಡುತ್ತಾನೆಂದು ಇಡೀ ಊರೇ ನಂಬುತ್ತದೆ. ಆ ಹೊತ್ತಿನಲ್ಲಿ ಬಾಗಿಲಿಗೆ ಬಂದವನನ್ನು ಮುಂದೆ ಹೋಗೆನ್ನುವಂತಿಲ್ಲ, ಹೆಸರು ಕೇಳುವಂತಿಲ್ಲ, ಮುಖ ದಿಟ್ಟಿಸುವಂತಿಲ್ಲ. ಬೇಡುವವನೂ ಐದು ಮನೆ ಮುಗಿಸದೆ ಜೋಳಿಗೆ ಇಳಿಸುವಂತಿಲ್ಲ. ಕಳ್ಳನಿಗೆ ಇಂಥ ಊರು, ಮುಖ ನೆನಪಿಡದ ಇಂಥ ಕಾವಲುಗಾರ, ಎರಡೂ ಒಟ್ಟಿಗೆ ಸಿಗುವುದು ಪುಣ್ಯವೇ.

ಗುರುವಾರ ಸಂಜೆ ಹವಾಲ್ದಾರ ಲಾಡ್ಲೆಸಾಬ ಬಂದು ವಿಚಾರಿಸಿದಾಗ ಮಾಳಿಂಗಪ್ಪ ಕಿವಿಯಲ್ಲಿದ್ದ ಮಾತನ್ನು ಇದ್ದ ಹಾಗೆ ಒಪ್ಪಿಸಿದ. ಗಂಟಲು ಸರಿ ಮಾಡಿಕೊಂಡ 'ಹ್ಞಾ', ತಂಬಾಕು ಅದುಮಿಟ್ಟ ಹಲ್ಲಿನ ಸಂದಿಯಿಂದ ಸೀಟಿಯಾಗಿ ಬರುವ 'ಸ', ಕೊನೆಗೆ 'ತಿಳೀತಿಲ್ಲೊ'. ಸುತ್ತ ನೆರೆದಿದ್ದ ಮಂದಿ ಗೊಳ್ಳೆಂದು ನಕ್ಕರು. ಲಾಡ್ಲೆಸಾಬನೂ ನಕ್ಕ. "ಕ್ಯಾ ಬಾತ್ ಹೈ, ಮಾಳಿಂಗಪ್ಪಾ! ಥೇಟ್ ಸಾವಕಾರ್ರು. ಆದ್ರ ಇದನ್ನ ಪಂಚನಾಮಿದಾಗ ಹ್ಯಾಂಗ ಬರೀಲಿ?"

ಭಗವಂತರಾಯರು ನಗಲಿಲ್ಲ. ಅವರು ನಕ್ಕದ್ದನ್ನು ಮಾಳಿಂಗಪ್ಪನ ಕಿವಿ ಎಂದೂ ಕೇಳಿರಲಿಲ್ಲ. ಅವರು ಸಂಜೆ ಮರಳುವತನಕ ಅಫಜಲಪುರದ ಕಚೇರಿಯಲ್ಲಿದ್ದರು. ಇಪ್ಪತ್ತು ಜನ ನೋಡಿದ್ದರು. ಮಾಳಿಂಗಪ್ಪನ ಭುಜದ ಮೇಲೆ ಕೈ ಇಟ್ಟು, "ಯಾರೋ ನನ್ನ ಧ್ವನಿ ತೆಗದು ಆಫೀಸಿನ ಫೋನಿಗೆ ಮಾತಾಡ್ಯಾರಪಾ. ಇಲ್ಲಾ ನಿನ್ನ ತಲ್ಯಾಗ ನೀನೇ ಮಾತಾಡೀದಿ," ಎಂದರು. "ಶನಿವಾರ ಮಧ್ಯಾಹ್ನ ಒಂದು ಕಾಗದ ತಯಾರ್ ಮಾಡಿಸ್ತೇನಿ. ನನ್ನ ಕೈಲೆ ತಪ್ಪಾತು ಅಂತ ಸಹಿ ಹಾಕು. ಡಾಕ್ಟರ್ ಚೀಟಿ ಅದ, ಜೈಲು ಆಗಂಗಿಲ್ಲ. ನಾ ಅದೀನಿ."

ನೋಟ್‌ಬುಕ್ಕಿನಲ್ಲಿ ಗುರುವಾರದ ಹಾಳೆ ಇರಲಿಲ್ಲ. ಹೊಲಿಗೆಯ ಹತ್ತಿರ ಹರಿದ ಒಂದು ಅಂಚು ಮಾತ್ರ ಉಳಿದಿತ್ತು. ಮಾಳಿಂಗಪ್ಪ ಆ ಅಂಚನ್ನು ಉಗುರಿನಿಂದ ಮತ್ತೆ ಮತ್ತೆ ಸವರಿದ. ಹರಿದವನು ತಾನೋ, ಬೇರೆಯವರೋ? ತಾನೇ ಕದ್ದು, ತಾನೇ ಹರಿದು, ಎರಡನ್ನೂ ಮರೆತಿದ್ದರೆ? ನಕ್ಕವರೆಲ್ಲ ಅವನಿಗೆ ಒಂದೇ ಮುಖದವರಾಗಿ ಕಂಡರು. ಅವರಲ್ಲಿ ಜೋಳಿಗೆಯವನೂ ಇದ್ದಿರಬಹುದು. ಇಲ್ಲದೆಯೂ ಇರಬಹುದು.

ಶುಕ್ರವಾರ ಮಧ್ಯಾಹ್ನ ಸುಂದರಬಾಯಿ ನಳದಿಂದ ನೀರು ತರುವ ಬದಲು ಖಾಲಿ ಕೊಡ ತಂದಳು. ಜೊತೆಗೆ ಜಯಮಾಲಾ ಅಕ್ಕನನ್ನೂ ತಂದಿದ್ದಳು. ಜಯಮಾಲಾ ಯಾತ್ರಿ ನಿವಾಸದ ಪಕ್ಕದ ಮನೆಯವಳು. ಹಿಂದಿನ ದಿನದಿಂದ ಉಪವಾಸವಿದ್ದಳು, ಅತ್ತು ಅತ್ತು ಕಣ್ಣು ಬಾತಿದ್ದವು.

"ಹೇಳ್ರಿ ಅಕ್ಕಾ, ನಳದಾಗ ಹೇಳಿದ್ದು ಇವ್ರ ಮುಂದ ಹೇಳ್ರಿ."

"ಏನ್ ಹೇಳ್ಲಿ ನಮ್ಮ ದೈವಾ?" ಜಯಮಾಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಗುರುವಾರ ಹೂರಣದ ಹೋಳಿಗಿ ತಾಟಿನ್ಯಾಗ ಹಿಡ್ಕೊಂಡು ಬಾಗಲಾಗ ನಿಂತಿದ್ದೆ. ಜೋಳಿಗಿಯವ ನಿಮ್ಮ ಆಫೀಸಿನಿಂದ ಹೊರಗ ಬಂದ. ಬಾ ತಂದೆ ಅಂದೆ. ನನ್ನ ಮನಿ ದಾಟಿದ. ಅದರಾಚಿ ಮನ್ಯಾಗ ಗುಂಡಮ್ಮ ಅನ್ನ ಹಿಡದಿದ್ಲು, ಆಕಿನ್ನೂ ದಾಟಿದ. ಸೀದಾ ಹಿತ್ತಲಕಡಿ ಹೊಳ್ಳಿ ಸಾವಕಾರ್ರ ಮನ್ಯಾಗ ಹೋದ. ನಾ ಏನ್ ಪಾಪ ಮಾಡಿದ್ದೆ? ದೇವ್ರು ಸುದ್ದಾ ಸಾವಕಾರ್ರ ಮನೀನ ಹುಡಕ್ಕೋತ ಹೋಗ್ತಾನ!"

"ಜೋಳಿಗಿ ಹ್ಯಾಂಗಿತ್ತು ಅಕ್ಕಾ?"

"ಜೋತು ಬಿದ್ದಿತ್ತು. ವಜ್ಜ ಇತ್ತು. ಸಾವಕಾರ್ರ ಮನಿಯಿಂದ ಹೊರಗ ಬರೂಮುಂದ ಚಪ್ಪಟಿ."

ಸುಂದರಬಾಯಿ ಗಂಡನ ಕಡೆ ತಿರುಗಿದಳು. "ಕೇಳಿದ್ರಿಲ್ಲ? ಮಧುಕರಿ ಜೋಳಿಗಿ ಮನಿಯೊಳಗ ಖಾಲಿ ಹೋಗ್ತದ, ತುಂಬಿ ಬರ್ತದ. ಇದು ತುಂಬಿ ಹೋಗಿ ಖಾಲಿ ಬಂತು."

ಮಾಳಿಂಗಪ್ಪನಿಗೆ ಅನುಮಾನ ತೀರಲಿಲ್ಲ. ಅವನಿಗೆ ಈಗ ಜಯಮಾಲಾಳ ಮೇಲೂ ಅನುಮಾನ. ಈ ಧ್ವನಿ ಅವಳದೇ ಹೌದು, ಆದರೆ ಅವಳಿಗೆ ಹೇಳಿಕೊಟ್ಟವರು ಯಾರು? ಸಂಜೆ ನದೀಮನ ಟಂಟಂ ಬಂದು ನಿಂತಾಗ ಅವನ ಮೇಲೂ ಅನುಮಾನ. ನದೀಮ ಅವನ ಹಳೆಯ ಗೆಳೆಯ. ಚೌಡಾಪುರ–ಗಾಣಗಾಪುರ ರಸ್ತೆಯಲ್ಲಿ ಈಗ ಅವನದೇ ಗಾಡಿ.

"ಗುರುವಾರ ಜೋಳಿಗಿಯವನ್ನ ಕೂಡಿಸ್ಕೊಂಡಿ ಏನಲೇ?" ಎಂದು ಮಾಳಿಂಗಪ್ಪ ಪೊಲೀಸನ ಧಾಟಿಯಲ್ಲಿ ಕೇಳಿದ.

"ಜೋಳಿಗಿಯವನ್ನ ಕೂಡಿಸ್ಕೊಂಡಿಲ್ಲಣ್ಣ. ಪ್ಯಾಂಟಿನವ ಒಬ್ಬ ಕೂತಿದ್ದ," ಎಂದ ನದೀಮ. "ಭಗವಾ ಅರಿವಿ ಮಡಚಿ ಕಿಸೆದಾಗ ತುರುಕ್ಕೋತ ಬಂದ. ನಾ ಅಂದೆ, ಮಹಾರಾಜ್, ಐದು ಮನಿ ಆತೇನು? ಅವ ಅಂದ, ಒಂದs ಸಾಕಾತು. ಚೌಡಾಪುರದಾಗ ಇಳದು ಅಫಜಲಪುರ ಬಸ್ ಹತ್ತಿದ. ಕೈಯಾಗ ಏನೂ ಇರ್ಲಿಲ್ಲ, ಅಲ್ಲಾ ಕಸಮ್."

ಟಂಟಂ ಹೋದ ಮೇಲೆ ಗಂಡ ಹೆಂಡತಿ ಲೆಕ್ಕ ಹಾಕಿದರು. ಚೀಲ ಆಫೀಸಿನಿಂದ ಹೊರಟಿತ್ತು, ಟಂಟಂ ಹತ್ತಿರಲಿಲ್ಲ. ನಡುವೆ ಇದ್ದದ್ದು ಒಂದೇ ಮನೆ.

"ಹವಾಲ್ದಾರ್ಗ ಹೇಳೂಣು," ಎಂದ ಮಾಳಿಂಗಪ್ಪ.

"ಯಾರು ಹೇಳೂದು? ತಲಿ ಕೆಟ್ಟವ, ತಲಿ ಕೆಟ್ಟವನ ಹೆಂಡ್ತಿ, ದೇವ್ರು ನಮ್ಮನಿ ದಾಟಿದ ಅಂತ ಅಳಾಕಿ? ಸಾವಕಾರ್ರ ಮನಿ ಜಡತಿ ಮಾಡ್ತಾರಾ?" ಸುಂದರಬಾಯಿ ಅವನ ಕೊರಳಿನ ನೋಟ್‌ಬುಕ್ಕನ್ನು ಹಿಡಿದಳು. "ದಿನಾ ಸಂಜಿಕೆ ಇದನ್ನ ಯಾರು ಓದ್ತಾರ?"

"ಸಾವಕಾರ್ರು. ನೆನಪು ಮಾಡ್ಸಾಕ."

ಅವಳು ನೋಟ್‌ಬುಕ್ಕನ್ನು ಅವನ ಅಂಗಿಯೊಳಗೆ ಬಿಟ್ಟಳು. "ಹಂಗಾರ ಇದ್ರಾಗ ಏನೂ ಬರೀಬ್ಯಾಡ್ರಿ. ನಾ ಹೇಳೂದನ್ನ ಕಿವ್ಯಾಗ ಇಟ್ಕೊಳ್ರಿ. ನನ್ನ ಧ್ವನಿ ಮರೀತೀರೇನು?"

"ಇಲ್ಲ."

ಅವಳು ಹೇಳಿದಳು. ಅವನು ಅವಳ ಧ್ವನಿಯಲ್ಲೇ ತಿರುಗಿ ಹೇಳಿದ. ಮತ್ತೆ ಹೇಳಿದಳು. ಏಳನೆಯ ಸಲಕ್ಕೆ, ಮನೆಯೊಳಗೆ ಇಬ್ಬರು ಸುಂದರಬಾಯಿಯರು ಮಾತಾಡುತ್ತಿದ್ದಾರೆಂದು ಹೊರಗೆ ಹೋಗುವವರು ತಿಳಿಯುವಷ್ಟು ಗಟ್ಟಿಯಾಯಿತು.

ಶನಿವಾರ ಹನ್ನೆರಡಕ್ಕೆ ಐದು ನಿಮಿಷವಿರುವಾಗ ಯಾತ್ರಿ ನಿವಾಸದ ಹಿತ್ತಲಿನ ಬೇವಿನ ಮರದ ಕೆಳಗೆ ನಾಲ್ಕು ಕುರ್ಚಿ ಹಾಕಿದ್ದರು. ಒಂದರಲ್ಲಿ ಭಗವಂತರಾಯರು, ಕೈಯಲ್ಲಿ ಚಹಾದ ಕಪ್ಪು. ಇನ್ನೊಂದರಲ್ಲಿ ಲಾಡ್ಲೆಸಾಬ, ತೊಡೆಯ ಮೇಲೆ ಕಾಗದ. ಸೊಲ್ಲಾಪುರದ ಅಜ್ಜಿ ಬರಿಗೊರಳಲ್ಲಿ ಕೂತು ಜಪಮಣಿ ಎಣಿಸುತ್ತಿದ್ದಳು. ಅವಳ ಮಗ ಪದೇಪದೇ ಗಡಿಯಾರ ನೋಡುತ್ತಿದ್ದ. ಗೋಡೆಯ ಪಕ್ಕ ಸುಂದರಬಾಯಿ, ಜಯಮಾಲಾ, ನದೀಮ. ಹಿತ್ತಲಿನ ಆಚೆ ಬದಿಗೆ ಸಾವಕಾರರ ಮನೆ. ಅದರ ಬಾಗಿಲಿಗೆ ಹೂವಿನ ಪರದೆ, ಪರದೆಯ ಒಳಗೆ ಅಡುಗೆಮನೆ, ಅಡುಗೆಮನೆಯಲ್ಲಿ ಸಾವಕಾರರ ಹೆಂಡತಿ ವಿದ್ಯಾವತಿ. ಇಪ್ಪತ್ತು ವರ್ಷದಿಂದ ಸಾವಕಾರರು ಹಿತ್ತಲಿನಿಂದಲೇ ಕೂಗುತ್ತಿದ್ದರು, ಅವಳು ಪರದೆಯ ಸಂದಿಯಿಂದ ಕೈ ಚಾಚಿ ಕೊಡುತ್ತಿದ್ದಳು. ಅವಳು ಯಾಕೆಂದು ಕೇಳಿದ್ದನ್ನು ಊರು ಕೇಳಿರಲಿಲ್ಲ.

ಲಾಡ್ಲೆಸಾಬ ಪೆನ್ನು ಚಾಚಿದ. "ಇಲ್ಲಿ ಹಾಕಪಾ."

ಮಾಳಿಂಗಪ್ಪ ಪೆನ್ನು ಹಿಡಿದ. ಕಾಗದದಲ್ಲಿ ಅವನ ಹೆಸರು ಎರಡು ಕಡೆ ಇತ್ತು. ಒಂದು ಕ್ಷಣ ಎಲ್ಲ ಖಾಲಿಯಾಯಿತು. ಈ ಮೀಸೆ ಯಾರದು, ಈ ಟೊಪ್ಪಿಗೆ ಯಾರದು, ಇಲ್ಲಿಗೆ ಯಾಕೆ ಬಂದೆ? ಸಹಿ ಹಾಕಿದರೆ ಮನೆಗೆ ಹೋಗಬಹುದಲ್ಲ. ಗೋಡೆಯ ಕಡೆಯಿಂದ ಒಂದು ಕೆಮ್ಮು ಕೇಳಿತು. ಕೆಮ್ಮಿನ ಹಿಂದೆಯೇ ಕಿವಿಯೊಳಗೆ ಸುಂದರಬಾಯಿಯ ಧ್ವನಿ ಶುರುವಾಯಿತು: 'ಗಂಟಿ ಬಡಿತದ. ಪೆನ್ನು ಕೆಳಗ ಇಡ್ರಿ. ಜೋಳಿಗಿ ಹಾಕ್ಕೊಳ್ರಿ...'

ಗುಡಿಯ ಕಡೆಯಿಂದ ಹನ್ನೆರಡರ ಗಂಟೆ ಬಡಿಯಿತು. ಅವನು ಪೆನ್ನು ಕೆಳಗಿಟ್ಟ.

"ಸಾವಕಾರ್ರ, ಐದು ಮನಿ ಮಧುಕರಿ ಬೇಡ್ತೇನಿ ಅಂತ ಹರಕಿ ಹೊತ್ತೇನ್ರಿ. ಬೇಡಿ ಬಂದು ಸಹಿ ಹಾಕ್ತೇನಿ."

ಅಜ್ಜಿಯ ಮಗ ಮುಖ ಗಂಟಿಕ್ಕಿಕೊಂಡ. ಅಜ್ಜಿ ಮಾತ್ರ ಜಪಮಣಿ ಹಣೆಗೆ ಒತ್ತಿಕೊಂಡು, "ಜಾಊ ದ್ಯಾ," ಎಂದಳು, ಹೋಗಲಿ ಬಿಡಿ ಎಂದು. ಹನ್ನೆರಡರ ಹೊತ್ತಿನಲ್ಲಿ ಜೋಳಿಗೆಯನ್ನು ತಡೆಯುವ ಗಂಡಸು ಗಾಣಗಾಪುರದಲ್ಲಿ ಇನ್ನೂ ಹುಟ್ಟಿರಲಿಲ್ಲ. ಭಗವಂತರಾಯರು ಚಹಾದ ಕಪ್ಪು ಎತ್ತಿ ಅಪ್ಪಣೆ ಕೊಟ್ಟರು. "ಹೋಗಿ ಬಾರಪಾ. ಮೊದಲನೇ ಭಿಕ್ಷಾ ನಮ್ಮ ಮನ್ಯಾಗs ಇಸ್ಕೊ."

"ಹಂಗs ಆಗ್ಲಿರಿ," ಎಂದ ಮಾಳಿಂಗಪ್ಪ.

ಅಂಗಿಯೊಳಗಿನಿಂದ ಜೋಳಿಗೆ ತೆಗೆದು ಹೆಗಲಿಗೆ ಹಾಕಿಕೊಂಡ. ಹದಿನೈದು ಹೆಜ್ಜೆ ನಡೆದು ಹೂವಿನ ಪರದೆಯ ಮುಂದೆ ನಿಂತ. ಒಳಗೆ ಸಾರಿಗೆ ಒಗ್ಗರಣೆ ಸಿಡಿಯಿತು. ಅವನು ಗಂಟಲು ಸರಿ ಮಾಡಿಕೊಂಡ.

"ಹ್ಞಾ, ವಿದ್ಯಾ! ಗುರುವಾರ ಇಟ್ಟದ್ದು ಆ ಸೊಲ್ಲಾಪುರದವರ ಹಸಿರು ಚೀಲ ತಗೊಂಡ್ ಬಾ. ಬಾಗಲಾಗ ಜೋಳಿಗಿ ನಿಂತದ, ಅದರಾಗ ಹಾಕು. ಲಗೂನ. ತಿಳೀತಿಲ್ಲೊ?"

ಬೇವಿನ ಮರದ ಕೆಳಗೆ ಮೊದಲು ನಗು ಎದ್ದಿತು. ಲಾಡ್ಲೆಸಾಬ ತೊಡೆ ತಟ್ಟಿದ: "ಮತ್ತ ಶುರು ಹಚ್ಚಿದ ನೋಡ್ರಿ!" ಒಳಗೆ ಸೌಟು ಇಟ್ಟ ಸದ್ದು ಕೇಳಿತು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆ ಎರಡನೆಯ ಸದ್ದಿಗೆ ಭಗವಂತರಾಯರು ಎದ್ದು ನಿಂತರು. ಚಹಾ ಪಂಜೆಯ ಮೇಲೆ ಚೆಲ್ಲಿತು.

"ಏ ವಿದ್ಯಾ! ಬ್ಯಾಡ! ತರಬ್ಯಾಡ! ಅಲ್ಲೇ ಇರ್ಲಿ ಅದು!"

ಲಾಡ್ಲೆಸಾಬನ ಕೈ ತೊಡೆಯ ಮೇಲೇ ನಿಂತಿತು. ಅವನು ಸಾವಕಾರರ ಕಡೆ ನಿಧಾನಕ್ಕೆ ತಿರುಗಿದ.

"ಯಾವುದು ತರಬ್ಯಾಡ್ರಿ, ಸಾವಕಾರ್ರ?"

ಉತ್ತರ ಬರುವ ಮೊದಲೇ ಪರದೆ ಸರಿಯಿತು. ವಿದ್ಯಾವತಿ ಎಂದಿನಂತೆ ಸಂದಿಯಿಂದ ಬರೀ ಕೈ ಚಾಚಲಿಲ್ಲ. ಪೂರ್ತಿ ಹೊರಗೆ ಬಂದು ಮೆಟ್ಟಿಲ ಮೇಲೆ ಬೆಳಕಿನಲ್ಲಿ ನಿಂತಳು. ಕೈಯಲ್ಲಿ ಜೋಳದ ಹಿಟ್ಟು ಮೆತ್ತಿದ ಹಸಿರು ಮಖಮಲ್ಲಿನ ಚೀಲ. ಎದುರಿಗೆ ನಿಂತ ಮಾಳಿಂಗಪ್ಪನನ್ನು ಒಮ್ಮೆ ನೋಡಿದಳು, ಮರದ ಕೆಳಗಿನ ಗಂಡನನ್ನು ಒಮ್ಮೆ ನೋಡಿದಳು.

"ಒಂದ್ಸಲ ತಾ ಅಂತೀರಿ, ಒಂದ್ಸಲ ಬ್ಯಾಡ ಅಂತೀರಿ," ಎಂದಳು, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ. "ನಾ ಯಾರ ಮಾತು ಕೇಳ್ಬೇಕು?"

ಚೀಲವನ್ನು ಜೋಳಿಗೆಯೊಳಗೆ ಹಾಕಿದಳು. ನಂತರ ಮಧುಕರಿಗೆ ಕೈ ಮುಗಿಯುವ ಹಾಗೆ ಕೈ ಮುಗಿದಳು.

"ಮಾಝೀ ಪಿಶವೀ!" ನನ್ನ ಚೀಲವೆಂದು ಕೂಗಿದ ಅಜ್ಜಿಯ ಜಪಮಣಿ ನೆಲಕ್ಕೆ ಬಿತ್ತು. ಮಗ ಓಡಿದ. ಲಾಡ್ಲೆಸಾಬ ಓಡಲಿಲ್ಲ. ತೊಡೆಯ ಮೇಲಿದ್ದ ಕಾಗದವನ್ನು ಎರಡು ಮಡಿಕೆ ಮಾಡಿ ಕಿಸೆಗೆ ಹಾಕಿ, ತನ್ನ ಕುರ್ಚಿಯನ್ನು ಸಾವಕಾರರ ಕುರ್ಚಿಯ ಹತ್ತಿರ ಎಳೆದುಕೊಂಡ. ಗೋಡೆಯ ಬಳಿ ನದೀಮ ತಡೆಯಲಾರದೆ ಕಿಸಕ್ಕನೆ ನಕ್ಕ. ಅವನ ನಗು ಜಯಮಾಲಾಳಿಗೆ ಹತ್ತಿತು. ಅವಳಿಂದ ಸುಂದರಬಾಯಿಗೆ, ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಸೆರಗು ಬಾಯಿಗೆ ಒತ್ತಿದ್ದರಿಂದ ತಿಳಿಯುತ್ತಿರಲಿಲ್ಲ.

ಆಗ ಎಲ್ಲರನ್ನೂ ಮೀರಿಸಿ ಒಂದು ನಗು ಎದ್ದಿತು.

"ಅರೇ, ಮಜಾಕ್ ಮಾಡಿದ್ದೆನ್ರಿ!" ಭಗವಂತರಾಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಇವ ಎಷ್ಟು ಹುಷಾರ್ ಅದಾನ ಅಂತ ಪರೀಕ್ಷಾ ಮಾಡಿದ್ದೆ! ಇವತ್ತ ನಾನs ಕೊಡಾಂವಿದ್ದೆ ಅಜ್ಜೀಗಿ... ಲಾಡ್ಲೆಸಾಬ, ನಗ್ರಿ! ಎಂಥಾ ಮಜಾಕ್..." ಕಣ್ಣಲ್ಲಿ ನೀರು ಬಂದಿತ್ತು. ಪಂಜೆಯ ಮೇಲಿನ ಚಹಾ ತೊಟ್ಟಿಕ್ಕುತ್ತಿತ್ತು. ನಕ್ಕವರೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿದರು. ಆ ಒಂದು ನಗು ಮಾತ್ರ ನಿಲ್ಲಲಿಲ್ಲ.

ಅಜ್ಜಿಯ ಮಗ ಚೀಲ ತೆಗೆದುಕೊಂಡ ಮೇಲೆ ಮಾಳಿಂಗಪ್ಪನ ಜೋಳಿಗೆ ಮತ್ತೆ ಚಪ್ಪಟೆಯಾಯಿತು. ಜಯಮಾಲಾ ಮನೆಗೆ ಓಡಿಹೋಗಿ ತಾಟು ಹಿಡಿದು ತನ್ನ ಬಾಗಿಲಲ್ಲಿ ನಿಂತಿದ್ದಳು. ಅವನು ಆ ಕಡೆ ಎರಡು ಹೆಜ್ಜೆ ಇಟ್ಟವನು ನಿಂತ. ತಲೆ ವಾರೆ ಮಾಡಿ ಕಿವಿಗೊಟ್ಟ. ಊರಿನ ಧ್ವನಿಗಳನ್ನೆಲ್ಲ ಒಂದೊಂದಾಗಿ ಒಳಗೆ ತಿರುವಿ ನೋಡಿದ. ಯಾವುದೂ ಹೊಂದಲಿಲ್ಲ.

"ಸುಂದ್ರಾ," ಎಂದ ಮೆಲ್ಲಗೆ, "ಅಲ್ಲಿ ನಗಾಕತ್ತಾರಲ್ಲ, ಯಾರವರು?"